ಗಾಳಿ-ಮಳೆಗೆ ದೋಣಿ ಹಾಳಾದರೆ ಏನು ಮಾಡಬೇಕು?

ಕಾಳಗಿ: ಬೇಸಿಗೆಯ ಬಿರುಗಾಳಿಗೆ ಅಂಗಡಿ ಮೇಲಿನ ತಗಡು ಹಾರುವುದು ನಮ್ಮ ಭಾಗಕ್ಕೆ ಹೊಸದಲ್ಲ. ಬೆಣ್ಣೆತೊರಾ ಜಲಾಶಯ ಇರಲಿ, ಊರ ಕೆರೆ ಇರಲಿ, ದಡದಲ್ಲಿ ಕಟ್ಟಿದ ಸಣ್ಣ ವಿಹಾರದ ದೋಣಿಗೂ ಅದೇ ಪೆಟ್ಟು ಬೀಳುತ್ತದೆ.

ಮೊದಲು ಜೀವ: ಕೊನೆಯ ಗುಡುಗು ಕೇಳಿ ಅರ್ಧ ತಾಸು ಆಗುವತನಕ ನೀರಿನ ಹತ್ತಿರ ಹೋಗಬ್ಯಾಡ್ರಿ.

ಫೋಟೊ: ದೋಣಿ ಸರಿಸುವ ಮುಂಚೆಯೇ ನಾಲ್ಕೂ ಕಡೆಯಿಂದ ತೆಗೀರಿ. ವಿಮೆ ಇದ್ದರೆ ಕೂಡಲೇ ಕಂಪನಿಗೆ ತಿಳಿಸಿ. ಸರ್ವೇಯರ್ ನೋಡುವತನಕ ರಿಪೇರಿ ಬೇಡ.

ಮೋಟಾರ್: ನೀರಲ್ಲಿ ಮುಳುಗಿದ್ದರೆ ಸ್ಟಾರ್ಟ್ ಮಾಡಬ್ಯಾಡ್ರಿ. ಸಿಲಿಂಡರ್‌ನಲ್ಲಿ ನೀರಿದ್ದರೆ ಒಳಗಿನ ರಾಡ್ ಬಾಗುತ್ತದೆ. ಪ್ಲಗ್ ಬಿಚ್ಚಿ, ನೀರು ಬಸಿದು, ಅದೇ ದಿನ ಮೆಕ್ಯಾನಿಕ್‌ಗೆ ತೋರಿಸಿ.

ತಳ: ಫೈಬರ್ ದೋಣಿಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡ್ರಿ. ಟೊಳ್ಳು ಸದ್ದು ಬಂದರೆ ಒಳಪದರ ಬಿಟ್ಟಿರಬಹುದು, ಅದು ಕಸಬುದಾರರ ಕೆಲಸ. ಸಣ್ಣ ಬಿರುಕಾದರೆ ಪೂರ್ತಿ ಒಣಗಿಸಿ, ಉಜ್ಜಿ, ಫೈಬರ್ ಮ್ಯಾಟ್ ಮತ್ತು ರೆಸಿನ್ ಹಚ್ಚಬಹುದು. ಹಸಿ ಇದ್ದರೆ ಹಿಡಿಯುವುದಿಲ್ಲ.

ಪರಿಹಾರ: ವಿಪತ್ತು ಪರಿಹಾರ ನಿಧಿಯ 2022-26ರ ಮಾರ್ಗಸೂಚಿಯಲ್ಲಿ ದೋಣಿ ಭಾಗಶಃ ಹಾನಿಯಾದರೆ 6,000 ರೂ., ಪೂರ್ತಿ ಹಾಳಾದರೆ 15,000 ರೂ. ಎಂದಿದೆ. ಆದರೆ ಅದು ಮೀನುಗಾರರಿಗೆ ಮಾತ್ರ. ವಿಹಾರದ ದೋಣಿ ಇಟ್ಟವರಿಗೆ ವಿಮೆಯೇ ಆಸರೆ. ಮಳೆಗಾಲಕ್ಕೆ ಮುಂಚೆ ಪಾಲಿಸಿಯ ತಾರೀಖು ಒಮ್ಮೆ ನೋಡಿಕೊಳ್ರಿ.