ಎರಡು ತಿಂಗಳು ಮುಚ್ಚಿದ್ದ ಬಾಗಿಲು

ಹೊಸ ಕಾರನ್ನು ಬಿಸಿಲಲ್ಲಿ ನಿಲ್ಲಿಸಿದರೆ ಗಾಜಿನ ಒಳಮೈಗೆ ಜಿಡ್ಡಿನಂಥ ತೆಳುಪೊರೆ ಕಟ್ಟುತ್ತದೆ. ಅದು ಹೊರಗಿನ ಧೂಳಲ್ಲ; ಸೀಟು, ಪ್ಲಾಸ್ಟಿಕ್, ಅಂಟುಗಳಿಂದ ಹೊರಟ ಆವಿ. ಬಾಹ್ಯಾಕಾಶದ ದೂರದರ್ಶಕಕ್ಕೂ ಇದೇ ಕಾಟ. ನಿರ್ವಾತದಲ್ಲಿ ಉಪಗ್ರಹದ ಬಣ್ಣ, ಅಂಟುಗಳು ಬಿಟ್ಟ ಆವಿ ಕನ್ನಡಿಯ ಮೇಲೆ ಕೂರುತ್ತದೆ. ಸೂರ್ಯನ ಅತಿನೇರಳೆ ಕಿರಣ ಅದನ್ನು ಅಲ್ಲೇ ಗಟ್ಟಿಮಾಡುತ್ತದೆ. ಒರೆಸಲು ಅಲ್ಲಿ ಯಾರೂ ಇಲ್ಲ.

1984ರ ಏಪ್ರಿಲ್‌ನಲ್ಲಿ ನಾಸಾ ಗಾಜು, ಕನ್ನಡಿ, ಲೇಪನಗಳ ಮಾದರಿಗಳನ್ನು ಎಲ್‌ಡಿಇಎಫ್ ಎಂಬ ಬಸ್ಸಿನಷ್ಟು ದೊಡ್ಡ ಚೌಕಟ್ಟಿಗೆ ಕಟ್ಟಿ ಕಕ್ಷೆಯಲ್ಲಿ ಬಿಟ್ಟಿತು. ಸುಮಾರು ಒಂದು ವರ್ಷಕ್ಕೆ ತರಬೇಕಿದ್ದದ್ದು, ಚಾಲೆಂಜರ್ ದುರಂತದಿಂದ ತಡವಾಗಿ 1990ರ ಜನವರಿಯಲ್ಲಿ ಮರಳಿತು. ಹಾರುವ ದಿಕ್ಕಿನ ಪ್ಲಾಸ್ಟಿಕ್ ಹಾಳೆಗಳನ್ನು ಪರಮಾಣು ಆಮ್ಲಜನಕ ತಿಂದಿತ್ತು. ಹಲವೆಡೆ ಕಂದು ಪೊರೆ ಕಟ್ಟಿತ್ತು. ಆ ಕೊಳೆ ಚೌಕಟ್ಟಿನದೇ ಬಣ್ಣ ಮತ್ತು ಸಿಲಿಕೋನ್‌ಗಳದ್ದು.

ಈ ಎಚ್ಚರ ನಮ್ಮ ಆಸ್ಟ್ರೋಸ್ಯಾಟ್‌ನಲ್ಲೂ ಕಾಣುತ್ತದೆ. ಅದರ ಅತಿನೇರಳೆ ದೂರದರ್ಶಕವನ್ನು (ಯುವಿಐಟಿ) ಜೋಡಿಸಿದ್ದು ಹೊಸಕೋಟೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯ ಎಂ.ಜಿ.ಕೆ. ಮೆನನ್ ಪ್ರಯೋಗಾಲಯದ ಶುಚಿಕೋಣೆಯಲ್ಲಿ. ಮೆನನ್ ಹುಟ್ಟಿದ್ದು ಮಂಗಳೂರಿನಲ್ಲಿ. ನಮ್ಮ ಮುಂಬಯಿಯ ಟಿಐಎಫ್‌ಆರ್‌ಗೆ ನಿರ್ದೇಶಕರಾಗಿದ್ದವರು. ಅದೇ ಟಿಐಎಫ್‌ಆರ್ ಈ ಉಪಗ್ರಹಕ್ಕೆ ಎಕ್ಸ್-ಕಿರಣ ಉಪಕರಣಗಳನ್ನು ಕಟ್ಟಿತು.

ಯುವಿಐಟಿಯ ಕನ್ನಡಿಗಳಿಗೆ ಅಲ್ಯೂಮಿನಿಯಂ, ಅದರ ಮೇಲೆ ಮೆಗ್ನೀಸಿಯಂ ಫ್ಲೋರೈಡ್ ಲೇಪನ. ಅಲ್ಯೂಮಿನಿಯಂ ಗಾಳಿ ತಾಗಿ ಆಕ್ಸೈಡ್ ಆದರೆ ದೂರ ಅತಿನೇರಳೆ ಬೆಳಕನ್ನು ನುಂಗಿಬಿಡುತ್ತದೆ. ಕೆಲವೇ ಅಣುಗಳ ದಪ್ಪದ ಕೊಳೆಯೂ ಅಷ್ಟೇ ಅಪಾಯ. ಅದಕ್ಕೇ ಉಡಾವಣೆಯವರೆಗೂ ಒಳಗೆ ಶುದ್ಧ ನೈಟ್ರೋಜನ್ ಹಾಯಿಸುತ್ತಿದ್ದರು.

2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿದ ಉಪಗ್ರಹ 650 ಕಿ.ಮೀ. ಎತ್ತರದ ಕಕ್ಷೆ ಸೇರಿತು. ಆದರೆ ಯುವಿಐಟಿಯ ಬಾಗಿಲು ತೆರೆದದ್ದು ನವೆಂಬರ್ 30ರಂದು. ಹತ್ತಾರು ವರ್ಷ ದುಡಿದವರು, ಉಪಗ್ರಹದ ಮೈಯಿಂದ ಆವಿ ಹೋಗಲಿ ಎಂದು ಇನ್ನೆರಡು ತಿಂಗಳು ಕಾದರು. ಬಳಿಕವೂ ಹಾರುವ ದಿಕ್ಕಿಗೆ ಕನ್ನಡಿ ನೇರ ಮುಖಮಾಡದಂತೆ ನೋಡಿಕೊಂಡರು. ಅಲ್ಲಿ ಎದುರಾಗುವುದು ಅದೇ ಪರಮಾಣು ಆಮ್ಲಜನಕ.

ಕಾದದ್ದು ವ್ಯರ್ಥವಾಗಲಿಲ್ಲ. 2018ರಲ್ಲಿ ಸಮೀಪ ಅತಿನೇರಳೆ ವಿಭಾಗ ಕೆಟ್ಟರೂ, ಕೊಳೆಗೆ ಹೆಚ್ಚು ಅಂಜಬೇಕಿದ್ದ ದೂರ ಅತಿನೇರಳೆ ವಿಭಾಗ ಕೆಲಸ ಮುಂದುವರಿಸಿತು. ಅದು 2016ರ ಅಕ್ಟೋಬರ್‌ನಲ್ಲಿ 28 ಗಂಟೆ ನೋಡಿ ಹಿಡಿದ ಮಸುಕು ಬೆಳಕು 930 ಕೋಟಿ ವರ್ಷಗಳ ಹಿಂದೆ ಒಂದು ಗೆಲಾಕ್ಸಿಯಿಂದ ಹೊರಟದ್ದೆಂದು, ಪುಣೆಯ ಐಯುಕಾ ನೇತೃತ್ವದ ತಂಡ 2020ರಲ್ಲಿ ಪ್ರಕಟಿಸಿತು. ಅಷ್ಟು ದೂರ ಬಂದ ಬೆಳಕಿಗೆ ಕೊನೆಯ ಮೆಟ್ಟಿಲಲ್ಲಿ ನಮ್ಮದೇ ಅಂಟಿನ ಪೊರೆ ಅಡ್ಡ ಬರಲಿಲ್ಲ.