ಸ್ಟಾರ್ ಸಿಟಿಜನ್: ಅಭಿವೃದ್ಧಿಯ ಆದ್ಯತೆಗಳ ವಿವಾದ

ಸ್ಟಾರ್ ಸಿಟಿಜನ್ ಎಂಬುದು ಕ್ರಿಸ್ ರಾಬರ್ಟ್ಸ್ 2012ರಲ್ಲಿ ಆಟಗಾರರಿಂದಲೇ ಹಣ ಕೂಡಿಸಲು ಹೊರಟು ಪ್ರಕಟಿಸಿದ ಬಾಹ್ಯಾಕಾಶದ ವಿಡಿಯೊ ಗೇಮ್. 2014ಕ್ಕೆ ಬರಬೇಕಿದ್ದ ಆಟಕ್ಕೆ 2022ರ ಹೊತ್ತಿಗೆ 50 ಕೋಟಿ ಡಾಲರ್ ಸೇರಿದರೂ ಅದು ಆಲ್ಫಾ ಎಂಬ ಆರಂಭಿಕ ಪರೀಕ್ಷೆಯ ಹಂತ ದಾಟಿರಲಿಲ್ಲ. ಹೊಸ ನೌಕೆ ಮೊದಲೋ, ಹಳೆಯ ದೋಷಗಳ ದುರಸ್ತಿ ಮೊದಲೋ ಎಂಬುದೇ ಆಟಗಾರರ ಜಗಳದ ತಿರುಳು. ಇದು ಬರಿಯ ಅವಸರದ ಗೊಣಗಾಟವಲ್ಲ. ಇದರ ಬೇರು ಆದಾಯದ ಮಾದರಿಯಲ್ಲಿದೆ. ಆಟದೊಳಗಿನ ನೌಕೆಗಳನ್ನು ಆಟಗಾರರಿಗೆ ಮಾರಿದ ಹಣವೇ ಕೆಲಸವನ್ನು ಸಾಕುವುದರಿಂದ ಮಾರಾಟವಾಗುವಂಥದ್ದು ಮುಂದೆ ಬರುತ್ತದೆ. ಲಿಫ್ಟ್ ಬಾರದೆ ಆಟಗಾರ ನಿಲ್ದಾಣದಲ್ಲೇ ಸಿಕ್ಕಿಕೊಳ್ಳುವಂಥ ದೋಷ ಹಿಂದೆ ಉಳಿಯುತ್ತದೆ. ನೌಕೆ ರೂಪಿಸುವ ಕಲಾವಿದರು ಸರ್ವರ್ ಕೋಡ್ ಬರೆಯಲಾರರು, ತಂಡಗಳೇ ಬೇರೆ ಎಂಬ ಸಮರ್ಥನೆ ನಿಜವೇ. ಆದರೆ ಯಾವ ತಂಡಕ್ಕೆ ಎಷ್ಟು ಜನ ಎಂಬುದೂ ಆದ್ಯತೆಯ ತೀರ್ಮಾನವೇ ತಾನೆ. 2024ರ ಡಿಸೆಂಬರಿನಲ್ಲಿ ಪೈರೊ ಎಂಬ ಎರಡನೇ ನಕ್ಷತ್ರವ್ಯೂಹ ಆಟಕ್ಕೆ ಸೇರಿದ ಮೇಲೆ, 2025ರಲ್ಲಿ ಸ್ಥಿರತೆಗೆ ಒತ್ತು ಕೊಡುವುದಾಗಿ ನಿರ್ಮಾಪಕರೇ ಹೇಳಿದ್ದು ದೂರಿನಲ್ಲಿ ಹುರುಳಿತ್ತೆಂಬುದನ್ನು ತೋರಿಸುತ್ತದೆ.