ಎ ಕೋರಸ್ ಲೈನ್

'ಎ ಕೋರಸ್ ಲೈನ್' 1975ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಮೊದಲು ಪ್ರದರ್ಶನಗೊಂಡ ಅಮೆರಿಕದ ಸಂಗೀತ ನಾಟಕ. ಬ್ರಾಡ್‌ವೇ ನಾಟಕವೊಂದಕ್ಕೆ ಸಮೂಹ ನರ್ತಕರನ್ನು ಆರಿಸುವ ಆಡಿಷನ್ ಇದರ ಕಥಾವಸ್ತು. ಪರಿಕಲ್ಪನೆ ಮತ್ತು ನಿರ್ದೇಶನ ಮೈಕೆಲ್ ಬೆನೆಟ್ ಅವರದು. ನೃತ್ಯ ಸಂಯೋಜನೆಯಲ್ಲಿ ಬಾಬ್ ಏವಿಯನ್ ಜೊತೆಗಿದ್ದರು. ನಾಟಕದ ಪಠ್ಯವನ್ನು ಜೇಮ್ಸ್ ಕರ್ಕ್‌ವುಡ್ ಮತ್ತು ನಿಕೋಲಸ್ ಡಾಂಟೆ, ಗೀತೆಗಳನ್ನು ಎಡ್ವರ್ಡ್ ಕ್ಲೆಬನ್ ಬರೆದರು. ಸಂಗೀತ ಮಾರ್ವಿನ್ ಹ್ಯಾಮ್ಲಿಷ್ ಅವರದು.

ಹಿನ್ನೆಲೆ

ಬ್ರಾಡ್‌ವೇ ಸಂಗೀತ ನಾಟಕಗಳಲ್ಲಿ ಮುಖ್ಯ ನಟರ ಹಿಂದೆ ಸಾಲಾಗಿ ನಿಂತು ಕುಣಿಯುವವರ ಹೆಸರು ಪ್ರೇಕ್ಷಕರಿಗೆ ತಿಳಿಯುವುದು ಅಪರೂಪ. 1974ರ ಜನವರಿಯಲ್ಲಿ ಇಂತಹ ಕೆಲವು ನರ್ತಕರು ಒಂದು ರಾತ್ರಿ ಸೇರಿ ತಮ್ಮ ಬಾಲ್ಯ, ತರಬೇತಿ ಮತ್ತು ವೃತ್ತಿಯ ಕಷ್ಟಗಳನ್ನು ಹೇಳಿಕೊಂಡರು. ಬೆನೆಟ್ ಈ ಮಾತುಗಳನ್ನು ಧ್ವನಿಮುದ್ರಿಸಿಕೊಂಡರು. ನಾಟಕದ ಬಹುತೇಕ ಪಾತ್ರಗಳು ಹುಟ್ಟಿದ್ದು ಈ ಟೇಪುಗಳಿಂದಲೇ. ವಿಪರ್ಯಾಸವೆಂದರೆ, ಮಾತನಾಡಿದವರಲ್ಲಿ ಕೆಲವರು ತಮ್ಮದೇ ಬದುಕನ್ನು ಆಧರಿಸಿದ ಪಾತ್ರಕ್ಕಾಗಿ ಆಡಿಷನ್ ನೀಡಬೇಕಾಯಿತು.

ಕಥಾವಸ್ತು

ರಂಗದ ಮೇಲೆ ಹಿಂಬದಿಯ ಕನ್ನಡಿಗಳು ಮತ್ತು ನೆಲದ ಮೇಲೊಂದು ಬಿಳಿ ಗೆರೆ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಮೊದಲ ಸುತ್ತಿನ ಬಳಿಕ ಗೆರೆಯ ಮೇಲೆ 17 ಮಂದಿ ಉಳಿಯುತ್ತಾರೆ. ನಿರ್ದೇಶಕ ಜ್ಯಾಕ್‌ಗೆ ಬೇಕಾದವರು ನಾಲ್ವರು ಪುರುಷರು ಮತ್ತು ನಾಲ್ವರು ಮಹಿಳೆಯರು ಮಾತ್ರ. ಆತ ನೃತ್ಯವನ್ನಷ್ಟೇ ನೋಡದೆ, ಹೆಚ್ಚಿನ ಸಮಯ ಪ್ರೇಕ್ಷಕರಿಗೆ ಕಾಣದ ಕತ್ತಲಲ್ಲಿ ಕುಳಿತು ಪ್ರತಿಯೊಬ್ಬರ ಜೀವನವನ್ನು ಕೇಳುತ್ತಾನೆ. ವ್ಯಾಲ್ ಎಂಬಾಕೆಗೆ ಹಿಂದೊಂದು ಆಡಿಷನ್‌ನಲ್ಲಿ ನೃತ್ಯಕ್ಕೆ ಹತ್ತು, ರೂಪಕ್ಕೆ ಮೂರು ಅಂಕ ದೊರೆತಿರುತ್ತದೆ. ಒಮ್ಮೆ ಮುಖ್ಯ ಪಾತ್ರಗಳಲ್ಲಿ ಮಿಂಚಿದ ಕ್ಯಾಸಿ ಈಗ ಕೆಲಸವಿಲ್ಲದೆ ಮತ್ತೆ ಸಾಲಿಗೆ ಮರಳಲು ಬಂದಿರುತ್ತಾಳೆ. ಪಾಲ್‌ನ ದೀರ್ಘ ಸ್ವಗತಕ್ಕೆ ಸಹಲೇಖಕ ಡಾಂಟೆಯವರ ಜೀವನವೇ ಆಧಾರ. ಆ ಸ್ವಗತದ ನಂತರ ಪಾಲ್ ಕುಣಿಯುವಾಗ ಬಿದ್ದು ಮೊಣಕಾಲಿಗೆ ಪೆಟ್ಟು ಮಾಡಿಕೊಳ್ಳುತ್ತಾನೆ. ನೃತ್ಯ ನಿಂತುಹೋದರೆ ಮುಂದೇನು ಎಂಬ ಪ್ರಶ್ನೆ ಆಗ ಎಲ್ಲರ ಮುಂದೆಯೂ ನಿಲ್ಲುತ್ತದೆ.

ಆಯ್ಕೆಯ ದೃಶ್ಯ ನಾಟಕದ ಅತ್ಯಂತ ನಿಷ್ಠುರ ಭಾಗ. ಜ್ಯಾಕ್ ಕೆಲವರ ಹೆಸರು ಕೂಗಿ ಮುಂದೆ ಬರಹೇಳುತ್ತಾನೆ. ಆಯ್ಕೆಯಾದೆವೆಂದು ನಂಬಿ ಮುಂದೆ ಬಂದವರಿಗೆ ಧನ್ಯವಾದ ಹೇಳಿ ಕಳುಹಿಸಿಬಿಡುತ್ತಾನೆ. ಕೆಲಸ ಸಿಕ್ಕಿದ್ದು ಹಿಂದೆ ಉಳಿದವರಿಗೆ. ಕೊನೆಯ ನೃತ್ಯದಲ್ಲಿ ಗೆದ್ದವರು, ಸೋತವರು ಎಲ್ಲರೂ ಒಂದೇ ಬಗೆಯ ಹೊಂಬಣ್ಣದ ಉಡುಪು ಧರಿಸಿ ಬರುತ್ತಾರೆ. ಅಷ್ಟು ಹೊತ್ತು ಪರಿಚಯವಾದ ವ್ಯಕ್ತಿಗಳನ್ನು ಆಗ ಒಬ್ಬರಿಂದೊಬ್ಬರನ್ನು ಗುರುತಿಸುವುದೇ ಕಷ್ಟ.

ಪ್ರದರ್ಶನ ಮತ್ತು ಪ್ರಶಸ್ತಿಗಳು

ಜೋಸೆಫ್ ಪ್ಯಾಪ್ ಅವರ ಪಬ್ಲಿಕ್ ಥಿಯೇಟರ್‌ನಲ್ಲಿ ಆರಂಭವಾದ ನಾಟಕ 1975ರ ಜುಲೈನಲ್ಲಿ ಬ್ರಾಡ್‌ವೇಯ ಶೂಬರ್ಟ್ ರಂಗಮಂದಿರಕ್ಕೆ ಸ್ಥಳಾಂತರಗೊಂಡಿತು. ಅಲ್ಲಿ 1990ರ ಏಪ್ರಿಲ್ 28ರವರೆಗೆ 6,137 ಪ್ರದರ್ಶನಗಳನ್ನು ಕಂಡಿತು. ಇದು ಆ ಕಾಲದ ದಾಖಲೆಯಾಗಿದ್ದು, 1997ರಲ್ಲಿ 'ಕ್ಯಾಟ್ಸ್' ಅದನ್ನು ಮುರಿಯಿತು. 1976ರಲ್ಲಿ ಒಂಬತ್ತು ಟೋನಿ ಪ್ರಶಸ್ತಿಗಳೂ ನಾಟಕ ವಿಭಾಗದ ಪುಲಿಟ್ಜರ್ ಪ್ರಶಸ್ತಿಯೂ ದೊರೆತವು. ರಿಚರ್ಡ್ ಅಟೆನ್‌ಬರೊ ನಿರ್ದೇಶನದ ಚಲನಚಿತ್ರ 1985ರಲ್ಲಿ ತೆರೆಕಂಡಿತು. 2006ರ ಮರುಪ್ರದರ್ಶನಕ್ಕೆ ನಡೆದ ಆಡಿಷನ್‌ಗಳನ್ನು 'ಎವ್ರಿ ಲಿಟಲ್ ಸ್ಟೆಪ್' ಎಂಬ ಸಾಕ್ಷ್ಯಚಿತ್ರ ದಾಖಲಿಸಿದೆ. ಬೆನೆಟ್ ಅವರ ಮೂಲ ಟೇಪುಗಳ ಭಾಗಗಳನ್ನೂ ಅದರಲ್ಲಿ ಕೇಳಬಹುದು.

ನರ್ತಕರ ಪಾಲು

ತಮ್ಮ ಜೀವನಕಥೆಗಳನ್ನು ಬಳಸಿಕೊಳ್ಳುವ ಹಕ್ಕನ್ನು ನರ್ತಕರು ತಲಾ ಒಂದು ಡಾಲರ್‌ಗೆ ಬರೆದುಕೊಟ್ಟಿದ್ದರು. ನಾಟಕ ಯಶಸ್ವಿಯಾದ ಮೇಲೆ ಬೆನೆಟ್ ತಮ್ಮ ಗೌರವಧನದ ಒಂದು ಭಾಗವನ್ನು ಅವರಿಗೆ ಹಂಚುವ ವ್ಯವಸ್ಥೆ ಮಾಡಿದರು. ಆದರೆ 2006ರ ಮರುಪ್ರದರ್ಶನದ ಆದಾಯಕ್ಕೆ ಆ ವ್ಯವಸ್ಥೆ ಅನ್ವಯಿಸಲಿಲ್ಲವಾದ್ದರಿಂದ ಅಸಮಾಧಾನ ಎದ್ದಿತು. 2008ರಲ್ಲಿ ಒಪ್ಪಂದವಾಗಿ, ಅದರಲ್ಲಿಯೂ ಅವರಿಗೆ ಪಾಲು ದೊರೆಯಿತು.